ನೂರು ಪಾಯಿಂಟ್‌ಗೆ ಎಷ್ಟು ಹೊಡೆತ? ದಾಳದ ಲೆಕ್ಕ ಹಾಕಿ ತುಕಡಿ ಆರಿಸುವುದು ಹೇಗೆ

ಟೇಬಲ್ ಮೇಲೆ ಗೊಂಬೆ ಸೈನ್ಯ ಇಟ್ಟು ಯುದ್ಧ ಆಡುವವರ ನಡುವೆ ಮುಗಿಯದ ಜಗಳ ಒಂದಿದೆ. ಈ ಆಟಗಳಲ್ಲಿ ಪ್ರತಿ ತುಕಡಿಗೂ ಪಾಯಿಂಟ್ ಲೆಕ್ಕದಲ್ಲಿ ಒಂದು ಬೆಲೆ ಇರುತ್ತದೆ, ಕೈಯಲ್ಲಿರುವ ಪಾಯಿಂಟ್‌ನಲ್ಲೇ ಸೈನ್ಯ ಕಟ್ಟಬೇಕು. 120 ಪಾಯಿಂಟ್ ಕೊಟ್ಟು ಕುದುರೆ ಸವಾರರನ್ನು ತಗೋಬೇಕಾ, ಅಥವಾ 100ಕ್ಕೆ ಸಿಗುವ ಬಂದೂಕಿನವರೇ ಸಾಕಾ? ಒಬ್ಬ ಅಂತಾನೆ, "ಕುದ್ರಿ ಇಲ್ದ ಯುದ್ಧ ಎಂಥಾದ್ಲೇ ದೋಸ್ತ." ಇನ್ನೊಬ್ಬ ತನ್ನ ತೋಪು ಎಂದೋ ಒಂದೇ ಏಟಿಗೆ ಆರು ಜನರನ್ನು ಕೆಡವಿದ್ದನ್ನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಅದೇ ತೋಪು ಉಳಿದ ಆಟಗಳಲ್ಲೆಲ್ಲ ಸುಮ್ನೆ ಹೊಗೆ ಬಿಟ್ಟುಕೊಂಡು ಕೂತದ್ದು ಅವನಿಗೆ ನೆನಪಿರುವುದಿಲ್ಲ. ಇಬ್ಬರ ಮಾತಲ್ಲೂ ಹುರುಪು ಇದೆ, ಲೆಕ್ಕ ಇಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಎಸ್ಸೆಸ್ಸೆಲ್ಸಿಯ ಸಂಭವನೀಯತೆ ಪಾಠ ಅರ್ಧಂಬರ್ಧ ನೆನಪಿದ್ದರೆ ಸಾಕು, ಪೂರ್ತಿ ಮರೆತಿದ್ದರೂ ನಡೆಯುತ್ತದೆ. ಗುಣಾಕಾರ, ಭಾಗಾಕಾರ ಬಂದರೆ ಮುಕ್ಕಾಲು ಕೆಲಸ ಮುಗಿದಂತೆ.

ಉದಾಹರಣೆಗೆ ಒಂದು ಆಟ ಬೇಕಲ್ವಾ. ನಾವು ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯನೊಬ್ಬನ ಮನೆಯ ಊಟದ ಟೇಬಲ್ ಮೇಲೆ ಆಡುವುದು ನಮ್ಮದೇ ಒಂದು ಕಿತ್ತೂರು ಆಟ. ಜುಲೈ ಮಳೆಯಲ್ಲಿ ಇಲ್ಲಿ ಹೊರಗೆ ಕಾಲಿಡುವ ಹಾಗಿರುವುದಿಲ್ಲ, ಹೊರದೇಶದ ಪ್ಲಾಸ್ಟಿಕ್ ಗೊಂಬೆಗಳ ರೇಟು ಕೇಳಿದರೆ ತಲೆ ತಿರುಗುತ್ತದೆ, ಹಾಗಾಗಿ ರಟ್ಟಿಗೆ ಚಿತ್ರ ಅಂಟಿಸಿ ಕತ್ತರಿಸಿದ ಸೈನಿಕರು, ಥರ್ಮಕೋಲಿನ ಕೋಟೆ ಗೋಡೆ, ಅಂಗಡಿಯ ಸಾದಾ ಆರು ಮುಖದ ದಾಳ, ಇಷ್ಟೇ ನಮ್ಮ ಬಂಡವಾಳ. ಸೋತವರು ಕುಂದಾ ತರಬೇಕು. ಇಲ್ಲಿ ಒಂದು ಸಂಗತಿ ಹೇಳಲೇಬೇಕು: ದಾಳ ಹಾಕಿ ಸಾವುನೋವು ಲೆಕ್ಕ ಹಾಕುವ ಕ್ರೀಗ್‌ಶ್ಪೀಲ್ ಆಟದ ನಿಯಮಗಳನ್ನು ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ಹೊರತಂದದ್ದು 1824ರಲ್ಲಿ. ಅದೇ ವರ್ಷದ ಅಕ್ಟೋಬರ್ 23ರಂದು ನಮ್ಮ ಕಿತ್ತೂರಿನಲ್ಲಿ ಚೆನ್ನಮ್ಮನ ಸೈನ್ಯ ಥ್ಯಾಕರೆಯನ್ನು ಕೆಡವಿದ್ದು.

ನಿಯಮದ ಚೌಕಟ್ಟು ನಾವು ವಾರ್‌ಹ್ಯಾಮರ್ 40,000 ಎಂಬ ಹೆಸರಾಂತ ಗೊಂಬೆ ಸೈನ್ಯದ ಆಟದಿಂದ ಎತ್ತಿಕೊಂಡದ್ದು. ಒಂದು ಏಟು ಜೀವ ತೆಗೆಯಬೇಕಾದರೆ ಮೂರು ಬಾಗಿಲು ದಾಟಬೇಕು. ಮೊದಲು ಹಿಟ್, ಅಂದರೆ ಗುರಿಗೆ ತಾಗಬೇಕು. ಆಮೇಲೆ ವೂಂಡ್, ತಾಗಿದ್ದು ಗಾಯ ಮಾಡಬೇಕು. ಕೊನೆಗೆ ಸೇವ್: ಹೊಡೆಸಿಕೊಂಡವನು ದಾಳ ಹಾಕಿ ಉಳಿಯಲು ನೋಡುತ್ತಾನೆ, ಅವನ ದಾಳ ಕೈಕೊಡಬೇಕು. ಹಾಗಾಗಿ ಮುಂದಿನ ಲೆಕ್ಕ ಆ ಆಟಕ್ಕೂ ನಡೆಯುತ್ತದೆ, ಇದೇ ತರಹ ಮೂರು ಹಂತ ಇರುವ ಬೇರೆ ಆಟಗಳಿಗೂ ನಡೆಯುತ್ತದೆ.

ನಮ್ಮ ಮೂರು ತುಕಡಿ ಇವು.

ಬಂದೂಕಿನವರು: 10 ಜನ, 100 ಪಾಯಿಂಟ್. ತಲಾ ಒಂದು ಗುಂಡು. ಹಿಟ್ 4+, ವೂಂಡ್ 4+.
ಕುದುರೆ ಸವಾರರು: 5 ಜನ, 120 ಪಾಯಿಂಟ್. ಕೈಗೆ ಕೈ ಹತ್ತಿದಾಗ ತಲಾ ಮೂರು ಏಟು. ಹಿಟ್ 3+, ವೂಂಡ್ 3+. ತಮ್ಮ ಸೇವ್ 4+.
ತೋಪು: ಒಂದು, 80 ಪಾಯಿಂಟ್. ಒಂದೇ ಗುಂಡು. ಹಿಟ್ 4+, ವೂಂಡ್ 2+, ಸೇವ್ ನಡೆಯುವುದಿಲ್ಲ. ತಾಗಿ ಗಾಯವೂ ಆದರೆ ಒಂದು ದಾಳ ಹಾಕಿ, ಬಿದ್ದಷ್ಟು ಜನ ಸಾಯುತ್ತಾರೆ.

ಎದುರಿಗಿರುವವರು ಸಾಮಾನ್ಯ ಕಾಲಾಳುಗಳು, ಸೇವ್ 5+, ತಲೆಗೆ 10 ಪಾಯಿಂಟ್.

ಏಳರಿಂದ ಕಳೆಯಿರಿ

4+ ಅಂದರೆ ನಾಲ್ಕು ಅಥವಾ ಮೇಲೆ ಬೀಳಬೇಕು. ಆರು ಮುಖಗಳಲ್ಲಿ ಎಷ್ಟು ಮುಖ ನಮ್ಮ ಪರ ಎಂದು ಬೆರಳು ಮಡಚಬೇಕಿಲ್ಲ. ಏಳರಿಂದ ಆ ಸಂಖ್ಯೆ ಕಳೆಯಿರಿ. 4+ಗೆ 7−4, ಮೂರು ಮುಖ. 3+ಗೆ ನಾಲ್ಕು. 2+ಗೆ ಐದು. ಸೇವ್ ಮಾತ್ರ ಉಲ್ಟಾ, ಯಾಕೆಂದರೆ ಅಲ್ಲಿ ನಮಗೆ ಬೇಕಿರುವುದು ಎದುರಾಳಿ ಸೋಲುವುದು. ಸೇವ್ ಸಂಖ್ಯೆಯಿಂದ ಒಂದು ಕಳೆದರೆ ಅವನು ಸೋಲುವ ಮುಖಗಳು ಸಿಗುತ್ತವೆ. 5+ ಸೇವ್ ನಾಲ್ಕು ಮುಖದಲ್ಲಿ ಸೋಲುತ್ತದೆ, 3+ ಸೇವ್ ಎರಡೇ ಮುಖದಲ್ಲಿ.

ಈಗ ಮೂರು ಸಂಖ್ಯೆ ಗುಣಿಸಿ, 216ರಿಂದ ಭಾಗಿಸಿ. 216 ಎಲ್ಲಿಂದ ಬಂತು ಅಂದರೆ 6×6×6, ಮೂರು ದಾಳ ಬೀಳಬಹುದಾದ ಒಟ್ಟು ಬಗೆಗಳು.

ಬಂದೂಕು: 3×3×4 = 36. 216ರಲ್ಲಿ 36, ಅಂದರೆ ಆರರಲ್ಲಿ ಒಂದು ಗುಂಡು ಜೀವ ತೆಗೆಯುತ್ತದೆ. ಹತ್ತು ಗುಂಡಿಗೆ ಸರಾಸರಿ 1.67 ಜನ.
ಕುದುರೆ: 4×4×4 = 64. 216ರಲ್ಲಿ 64, ಸುಮಾರು 0.296. ಹದಿನೈದು ಏಟಿಗೆ 4.44 ಜನ.
ತೋಪು: ಹಿಟ್ 3, ವೂಂಡ್ 5, ಎರಡೇ ದಾಳ ಆದ್ದರಿಂದ 36ರಲ್ಲಿ 15. ಒಂದು ದಾಳದ ಸರಾಸರಿ 3.5. ಗುಣಿಸಿದರೆ 1.46 ಜನ.

ದಶಮಾಂಶ ಬೇಡ ಅನ್ನುವವರು 216ರಲ್ಲೇ ಉಳಿಯಬಹುದು. 36, 64 ಎಂದು ಹೋಲಿಸಿದರೂ ಯಾವ ಏಟು ಜೋರು ಎಂದು ಗೊತ್ತಾಗುತ್ತದೆ. ಆಟದ ನಡುವೆ ನಾನು ಇಷ್ಟೇ ಮಾಡುವುದು. ಎದುರಿಗಿರುವವರು ಕಾಯುತ್ತಾ ಕೂತಾಗ ಕ್ಯಾಲ್ಕುಲೇಟರ್ ತೆಗೆಯುವವನನ್ನು ಯಾರೂ ಮತ್ತೆ ಆಟಕ್ಕೆ ಕರೆಯುವುದಿಲ್ಲ.

ತಲೆ ಎಣಿಸಬೇಡಿ, ಪಾಯಿಂಟ್ ಎಣಿಸಿ

4.44 ದೊಡ್ಡದು, 1.67 ಸಣ್ಣದು, ಕುದುರೆಯೇ ಗೆದ್ದಿತು ಅಂದುಬಿಟ್ಟರೆ ಆಗಲಿಲ್ಲ. ರವಿವಾರ ಪೇಟೆಯಲ್ಲಿ ಚೀಲದ ಬೆಲೆ ಕೇಳಿ ಬಿಡುವುದಿಲ್ಲ, ಕಿಲೋಕ್ಕೆ ಎಷ್ಟು ಬಿತ್ತು ಎಂದು ನೋಡುತ್ತೇವಲ್ಲ, ಇಲ್ಲೂ ಹಾಗೇ ಎಲ್ಲವನ್ನೂ 100 ಪಾಯಿಂಟ್‌ಗೆ ಇಳಿಸಬೇಕು. ಕೊಂದ ಲೆಕ್ಕವನ್ನೂ ತಲೆಯಲ್ಲಿ ಇಡದೆ ಪಾಯಿಂಟ್‌ನಲ್ಲೇ ಇಡಬೇಕು. ಕಾಲಾಳು ತಲೆಗೆ 10 ಆದ್ದರಿಂದ ಬಂದೂಕು ಒಂದು ಸರದಿಗೆ 16.7 ಪಾಯಿಂಟ್ ಕೊಲ್ಲುತ್ತದೆ. ಕುದುರೆ 44.4 ಕೊಲ್ಲುತ್ತದೆ, 120ರಿಂದ ಭಾಗಿಸಿ 100ರಿಂದ ಗುಣಿಸಿದರೆ 37. ತೋಪು 14.6, ನೂರಕ್ಕೆ ಇಳಿಸಿದರೆ 18.2.

ಪಾಯಿಂಟ್‌ನಲ್ಲಿ ಎಣಿಸುವುದು ಯಾಕೆ ಮುಖ್ಯ ಅಂದರೆ, ಗುರಿ ಬದಲಾದಾಗ ತಲೆ ಎಣಿಕೆ ಮೋಸ ಮಾಡುತ್ತದೆ. ಅದೇ ಬಂದೂಕಿನವರು ಕುದುರೆ ಸವಾರರ ಮೇಲೆ ಗುಂಡು ಹಾರಿಸಿದರು ಅಂದುಕೊಳ್ಳಿ. ಕುದುರೆಗೆ ವೂಂಡ್ ಆಗುವುದು 4+ಗಲ್ಲ, 5+ಗೆ, ಸೇವ್ 4+. ಲೆಕ್ಕ 3×2×3 = 18. ಹತ್ತು ಗುಂಡಿಗೆ 0.83 ಸವಾರ. ನೋಡಿದರೆ ಅರ್ಧಕ್ಕೆ ಅರ್ಧ ಕಡಿಮೆ. ಆದರೆ ಒಬ್ಬ ಸವಾರನ ಬೆಲೆ 24. ಅಂದರೆ 20 ಪಾಯಿಂಟ್ ಸತ್ತಂತೆ! ಕಾಲಾಳುಗಳ ಮೇಲೆ ಹೊಡೆದಿದ್ದರೆ 16.7 ಮಾತ್ರ. ಒಬ್ಬನೂ ಪೂರ್ತಿ ಬೀಳಲಿಲ್ಲ ಎಂದು ಮುಖ ಸಣ್ಣ ಮಾಡಿಕೊಳ್ಳುವ ಹೊತ್ತಿಗೆ ಬಂದೂಕು ಹೆಚ್ಚು ದುಡಿದಿರುತ್ತದೆ.

ಇದರಿಂದ ಇನ್ನೊಂದೂ ತಿಳಿಯುತ್ತದೆ. ಸರದಿಗೆ 20 ದುಡಿದರೆ 100ರ ಅಸಲು ಹುಟ್ಟಲು ಐದು ಸರದಿ ಬೇಕು. ಆಟ ಇರುವುದೇ ಐದೋ ಆರೋ ಸರದಿ ಆಗಿದ್ದರೆ, ಮೊದಲ ಸರದಿಯಿಂದಲೇ ಗುಂಡು ಹಾರಿಸಲು ಜಾಗ ಸಿಗದ ಬಂದೂಕಿನವರು ನಷ್ಟದ ಬಾಬತ್ತು.

ಗೋಡೆ ಬಂದಾಗ

ಯಾವ ತುಕಡಿ ಒಳ್ಳೇದು ಎಂಬ ಪ್ರಶ್ನೆಗೆ ಒಂಟಿ ಉತ್ತರ ಇಲ್ಲ. ಯಾರ ಎದುರು ಎಂದು ಸೇರಿಸಿದರೆ ಮಾತ್ರ ಉತ್ತರ ಇದೆ. ಅದೇ ಕಾಲಾಳುಗಳು ಕೋಟೆ ಗೋಡೆಯ ಮರೆಗೆ ಹೋದರೆ ನಮ್ಮ ಆಟದಲ್ಲಿ ಸೇವ್ 5+ ಇದ್ದದ್ದು 3+ ಆಗುತ್ತದೆ. ಬಂದೂಕು: 3×3×2 = 18. ಅರ್ಧಕ್ಕೆ ಇಳಿಯಿತು, ನೂರಕ್ಕೆ 8.3. ತೋಪಿಗೆ ಸೇವ್ ಲೆಕ್ಕವೇ ಇಲ್ಲ, ಅದು 18.2ರಲ್ಲೇ ನಿಂತಿದೆ. ಬಯಲಲ್ಲಿ ಹೆಚ್ಚುಕಡಿಮೆ ಸಮ ಇದ್ದವರು ಗೋಡೆ ಮುಂದೆ ಎರಡು ಪಟ್ಟು ದೂರವಾದರು.

ಹೊಡೆಸಿಕೊಳ್ಳುವವನ ಕಡೆಯಿಂದ ಇದನ್ನೇ ನೋಡಿ. ಬಯಲಲ್ಲಿ ಒಬ್ಬ ಕಾಲಾಳು ಸಾಯಲು ಸರಾಸರಿ ಆರು ಗುಂಡು ಬೇಕು, ಗೋಡೆ ಹಿಂದೆ ಹನ್ನೆರಡು. ಒಂದು ಪಾಯಿಂಟ್ ಖರ್ಚಿಲ್ಲದೆ ತುಕಡಿ ಇಮ್ಮಡಿಯಾಯಿತು. ಜನ ತಮ್ಮ ತುಕಡಿಗಳ ಲಿಸ್ಟ್ ಬರೆಯುವಾಗ ಎರಡು ಮೂರು ಪಾಯಿಂಟ್‌ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಟೇಬಲ್ ಮೇಲೆ ನಾಲ್ಕು ಬೆರಳು ಆಚೆ ಇರುವ ಗೋಡೆಗೆ ಹೋಗುವುದಿಲ್ಲ.

ಹಾಗಾಗಿ ಪ್ರತಿ ತುಕಡಿಗೂ ಕನಿಷ್ಠ ಎರಡು ಮೂರು ಗುರಿಗಳ ಎದುರು ಲೆಕ್ಕ ಹಾಕಿ ಇಟ್ಟುಕೊಳ್ಳಿ: ಬಯಲಿನ ಕಾಲಾಳು, ಮರೆಯ ಕಾಲಾಳು, ಕುದುರೆ. ನಿಮ್ಮೂರಿನ ಗುಂಪಿನಲ್ಲಿ ಎಲ್ಲರೂ ಕುದುರೆಯನ್ನೇ ತರುತ್ತಾರೆ ಅಂತಿದ್ದರೆ ಆ ಒಂದು ಕಾಲಂ ಮೇಲೇ ಕಣ್ಣಿಡಿ.

ಆರು ಗುಂಡಿಗೆ ಒಬ್ಬ ಬಿದ್ದೇ ಬೀಳ್ತಾನಾ?

ಇಲ್ಲಿಯವರೆಗಿನದು ಸರಾಸರಿ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ನನ್ನ ಪ್ರಕಾರ ಅಸಲಿ ವಿಷಯ ಇಲ್ಲಿಂದ ಶುರು. ಆರರಲ್ಲಿ ಒಂದು ಗುಂಡು ಕೊಲ್ಲುತ್ತದೆ ಎಂದಮೇಲೆ ಆರು ಗುಂಡಿಗೆ ಒಬ್ಬ ಖಂಡಿತ ಅಲ್ವಾ ಎಂದು ಕೇಳುವವರು ಬಹಳ. ಖಂಡಿತ ಅಲ್ಲ. ಒಬ್ಬನಾದರೂ ಬೀಳುವ ಸಾಧ್ಯತೆ ಬೇಕಿದ್ದರೆ ಯಾರೂ ಬೀಳದಿರುವ ಸಾಧ್ಯತೆ ಹಿಡಿದು ಒಂದರಿಂದ ಕಳೆಯಬೇಕು. ಒಂದು ಗುಂಡು ತಪ್ಪುವುದು 5/6. ಆರೂ ತಪ್ಪುವುದು 5/6ನ್ನು ಆರು ಸಲ ಗುಣಿಸಿದಷ್ಟು, ಅಂದರೆ 0.335. ಉಳಿದ 66.5 ಶೇಕಡಾ ನಿಮ್ಮದು. ಮೂರು ಸಲ ಹೊಡೆದರೆ ಒಂದು ಸಲ ಬರಿಗೈ.

ಇದು ಹಳೇ ಕಗ್ಗಂಟು. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡು ಈ ಗಣಿತಕ್ಕೆ ಅಡಿಪಾಯ ಹಾಕಿದ್ದು ಜೂಜಿನ ಪ್ರಶ್ನೆಗಳಿಂದಲೇ. ಅದರಲ್ಲಿ ಒಂದು: ಒಂದು ದಾಳವನ್ನು ನಾಲ್ಕು ಸಲ ಹಾಕಿದರೆ ಒಂದಾದರೂ ಆರು ಬೀಳುವುದು 51.8 ಶೇಕಡಾ, ಆದರೆ ಎರಡು ದಾಳವನ್ನು 24 ಸಲ ಹಾಕಿದರೆ ಜೋಡಿ ಆರು ಬೀಳುವುದು 49.1 ಶೇಕಡಾ. ಆರರಲ್ಲಿ ನಾಲ್ಕು, 36ರಲ್ಲಿ 24, ಎರಡೂ ಒಂದೇ ಅಂದುಕೊಂಡು ಬಾಜಿ ಕಟ್ಟಿದವನು ಎರಡನೆಯದರಲ್ಲಿ ನಿಧಾನವಾಗಿ ಮುಳುಗುತ್ತಾನೆ.

ಈಗ ತೋಪಿನವನ ಜಗಳಕ್ಕೆ ಬರೋಣ. ಸರಾಸರಿಯಲ್ಲಿ ಬಂದೂಕು 1.67, ತೋಪು 1.46. ಹತ್ತಿರ ಹತ್ತಿರ. ಆದರೆ ಆಟದಲ್ಲಿ ಅವೆರಡೂ ಬೇರೆ ಬೇರೆ ಜಾತಿಯ ಪ್ರಾಣಿಗಳು.

ಎದುರಾಳಿಯ ಬಾವುಟದ ಹತ್ತಿರ ಒಬ್ಬನೇ ಉಳಿದಿದ್ದಾನೆ, ಅವನನ್ನು ಈ ಸರದಿಯಲ್ಲೇ ತೆಗೆಯಬೇಕು. ಹತ್ತು ಬಂದೂಕಿಗೆ ಆ ಸಾಧ್ಯತೆ: 5/6ನ್ನು ಹತ್ತು ಸಲ ಗುಣಿಸಿದರೆ 0.16, ಒಂದರಿಂದ ಕಳೆದರೆ 84 ಶೇಕಡಾ. ತೋಪಿಗೆ? 36ರಲ್ಲಿ 15, ಬರೀ 42 ಶೇಕಡಾ. ಹೆಚ್ಚಿನ ಸಲ ತೋಪು ಏನೂ ಮಾಡುವುದಿಲ್ಲ, ಇದನ್ನು ಅದರ ಅಭಿಮಾನಿಗಳು ಒಪ್ಪುವುದೂ ಇಲ್ಲ.

ಅಲ್ಲಿ ಐದು ಜನ ಇದ್ದು ಐವರೂ ಬೀಳಬೇಕು ಅಂದರೆ ಕತೆ ತಿರುಗುತ್ತದೆ. ತೋಪಿನ ಗುಂಡು ತಾಗಿ ಗಾಯವಾದ ಮೇಲೆ ದಾಳದಲ್ಲಿ ಐದು ಅಥವಾ ಆರು ಬೀಳಬೇಕು, 42 ಶೇಕಡಾದ ಮೂರನೇ ಒಂದು ಭಾಗ, ಸುಮಾರು 14 ಶೇಕಡಾ. ಬಂದೂಕಿಗೆ ಹತ್ತು ಗುಂಡಿನಲ್ಲಿ ಐದು ಕೊಲೆ ಎಂದರೆ ಒಂದೂವರೆ ಶೇಕಡಾ. ಅಂದರೆ ಹತಾಶೆಯ ಹೊತ್ತಲ್ಲಿ ತೋಪು, ಚಿಲ್ಲರೆ ಕೆಲಸಕ್ಕೆ ಬಂದೂಕು. ಮೂರು ಜನ ಬೇಕಿದ್ದರೆ ತೋಪು 28, ಬಂದೂಕು 22. ಅಲ್ಲಿ ಬೇಕಾದ್ದು ಆರಿಸಿಕೊಳ್ಳಿ.

ತೋಪಿನ ಬಗ್ಗೆ ಇನ್ನೊಂದು. ಎದುರಿಗೆ ಇಬ್ಬರೇ ಉಳಿದಿದ್ದಾರೆ, ದಾಳದಲ್ಲಿ ಆರು ಬಿತ್ತು. ನಾಲ್ಕು ಗಾಳಿಗೆ ಹೋಯಿತು. ಇಬ್ಬರ ಎದುರು ತೋಪಿನ ಸರಾಸರಿ 1.46 ಅಲ್ಲ, 0.76 ಮಾತ್ರ. ದೊಡ್ಡ ಗುಂಪಿನ ಮೇಲೆ ಮೊದಲು ತೋಪು ಹಾರಿಸಿ, ಉಳಿದವರನ್ನು ಬಂದೂಕಿಗೆ ಬಿಡಿ. ಈ ಕ್ರಮ ಉಲ್ಟಾ ಮಾಡುವವರನ್ನು ಬಹಳ ನೋಡಿದ್ದೇನೆ.

"ಕನಿಷ್ಠ ಒಬ್ಬ" ಸುಲಭ. "ಕನಿಷ್ಠ ಮೂವರು" ಬೇಕಾದರೆ ಸೊನ್ನೆ, ಒಂದು, ಎರಡು ಕೊಲೆಯ ಸಾಧ್ಯತೆಗಳನ್ನು ಬೇರೆ ಬೇರೆ ಹಿಡಿದು ಕೂಡಿಸಿ ಒಂದರಿಂದ ಕಳೆಯಬೇಕು. ಎರಡು ಕೊಲೆ ಅಂದರೆ ಹತ್ತರಲ್ಲಿ ಯಾವ ಎರಡು ಗುಂಡು ಎಂಬುದು ಎಷ್ಟು ಬಗೆ ಎಂದು ಮೊದಲು ತಿಳಿಯಬೇಕು. ಮೇಲೆ ಹತ್ತರಿಂದ ಇಳಿಯುತ್ತಾ ಎರಡು ಸಂಖ್ಯೆ, ಕೆಳಗೆ ಒಂದರಿಂದ ಏರುತ್ತಾ ಎರಡು ಸಂಖ್ಯೆ: 10×9 ಭಾಗಿಸು 1×2, ಅಂದರೆ 45 ಬಗೆ. ಈ ಸೂತ್ರವನ್ನು ಒಂಬತ್ತನೇ ಶತಮಾನದಲ್ಲೇ ಕೊಟ್ಟವರು ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು, ನಮ್ಮ ರಾಷ್ಟ್ರಕೂಟರ ನಾಡಿನವರು. ಆ 45ಕ್ಕೆ 1/6 ಎರಡು ಸಲ, 5/6 ಎಂಟು ಸಲ ಗುಣಿಸಿದರೆ 0.29. ಒಂದು ಕೊಲೆಗೆ 0.32, ಸೊನ್ನೆಗೆ 0.16. ಮೂರೂ ಕೂಡಿಸಿದರೆ ಸುಮಾರು 0.775, ಉಳಿದದ್ದು 22 ಶೇಕಡಾ ಚಿಲ್ಲರೆ.

ಇಷ್ಟೆಲ್ಲ ಕೈಯಲ್ಲಿ ಮಾಡುವುದು ಒಂದು ಸಲ ಸಾಕು, ಅರ್ಥ ಆಗಲಿ ಅಂತ. ಆಮೇಲೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಬಿನಾಮ್ ಡಿಸ್ಟ್ (BINOM.DIST) ಎಂಬ ಫಂಕ್ಷನ್ ಇದೆ. ಅದಕ್ಕೆ ಕ್ರಮವಾಗಿ 2, 10, 1/6, ಟ್ರೂ ಎಂದು ಕೊಟ್ಟರೆ "ಎರಡು ಅಥವಾ ಅದಕ್ಕಿಂತ ಕಡಿಮೆ" ಕೊಲೆಯ ಸಾಧ್ಯತೆ ಬರುತ್ತದೆ. ಒಂದರಿಂದ ಕಳೆಯಿರಿ, ಮುಗಿಯಿತು.

ಕುದುರೆ ಮುಟ್ಟುವವರೆಗೆ

ನೂರಕ್ಕೆ 37 ಎಂದು ಕುದುರೆ ಬೀಗುತ್ತಿತ್ತಲ್ಲ. ಆ 37 ಸಿಗುವುದು ಐವರೂ ಜೀವಂತ ತಲುಪಿದರೆ, ಚಾರ್ಜ್, ಅಂದರೆ ಎದುರಾಳಿಯ ಮೈಮೇಲೆ ನುಗ್ಗುವ ಓಟ, ಕೂಡಿಬಂದರೆ ಮಾತ್ರ. ಗುಂಡಿಗೆ ದಾರಿ ಖರ್ಚಿಲ್ಲ, ಕುದುರೆಗೆ ಇದೆ. ಆ ಖರ್ಚನ್ನು ಲೆಕ್ಕಕ್ಕೆ ಸೇರಿಸದೆ ಕುದುರೆ ಹೊಗಳುವುದು ಸರಿಯಲ್ಲ.

ಚಾರ್ಜ್‌ಗೆ ಎರಡು ದಾಳ ಹಾಕಿ ಕೂಡಿಸುತ್ತೇವೆ, ಅಷ್ಟು ಇಂಚು ಓಡಬಹುದು. ಎರಡು ದಾಳದ 36 ಬಗೆಯಲ್ಲಿ ಏಳು ಅಥವಾ ಮೇಲೆ ಬೀಳುವುದು 21 ಬಗೆ, 58 ಶೇಕಡಾ. ಎಂಟಕ್ಕೆ 15 ಬಗೆ, 42. ಒಂಬತ್ತಕ್ಕೆ 10 ಬಗೆ, 28 ಅಷ್ಟೇ. ಐದಕ್ಕೆ 30 ಬಗೆ, 83 ಶೇಕಡಾ. ಒಂದೊಂದು ಇಂಚಿಗೂ ಎಷ್ಟು ಬೆಲೆ ನೋಡಿ. ವಾರ್‌ಹ್ಯಾಮರ್‌ನಲ್ಲಿ ಮೇಲಿನಿಂದ ಇಳಿಯುವ ತುಕಡಿ ಒಂಬತ್ತು ಇಂಚು ದೂರದಲ್ಲಿ ಇಳಿದು ಅದೇ ಸರದಿಯಲ್ಲಿ ಚಾರ್ಜ್ ಮಾಡಲು ಹೋಗಿ ಸೋಲುವುದು ಇದಕ್ಕೇ. ಮತ್ತೊಮ್ಮೆ ಎರಡೂ ದಾಳ ಹಾಕುವ ಅವಕಾಶ ಇದ್ದರೂ ಒಂಬತ್ತಕ್ಕೆ 48 ಶೇಕಡಾ, ಅರ್ಧವೂ ಇಲ್ಲ.

ಬಯಲಲ್ಲಿ ನೇರ ನುಗ್ಗಿದ ಕುದುರೆಯ ಗತಿ ನೋಡೋಣ. ಎರಡು ಸರದಿ ಬಂದೂಕಿನ ಏಟು ತಿನ್ನುತ್ತದೆ. 1.67 ಸವಾರರು, ಅಂದರೆ 40 ಪಾಯಿಂಟ್ ದಾರಿಯಲ್ಲೇ ಹೋಯಿತು. ಉಳಿದ 3.33 ಸವಾರರ ಹತ್ತು ಏಟು, ಸರಾಸರಿ 2.96 ಕೊಲೆ. ಚಾರ್ಜ್ ಏಳು ಇಂಚಿನದು, ಹಾಗಾಗಿ 58 ಶೇಕಡಾದಿಂದ ಗುಣಿಸಿ: 1.73. ಹದಿನೇಳು ಪಾಯಿಂಟ್‌ನ ಬಂದೂಕಿನವರು ಸತ್ತರು. 40 ಕೊಟ್ಟು 17 ತಂದಂತೆ.

ಈಗ ಅದೇ ಕುದುರೆಯನ್ನು ಗುಡ್ಡದ ಮರೆಯಿಂದ ಸುತ್ತಿಸಿ ತನ್ನಿ. ಒಂದು ಸರದಿ ಹೆಚ್ಚು ಹೋಗಲಿ, ಪರವಾಗಿಲ್ಲ. ಏಟು ಒಂದೇ ಸಲ ಬಿತ್ತು, 20 ಪಾಯಿಂಟ್. ಉಳಿದ 4.17 ಸವಾರರು, 3.7 ಕೊಲೆ, ಚಾರ್ಜ್ ಐದೇ ಇಂಚು, 83 ಶೇಕಡಾ. ಸುಮಾರು 3.1 ಜನ, 31 ಪಾಯಿಂಟ್. 20 ಕೊಟ್ಟು 31 ತಂದಿತು. ಮೇಲಿಂದ ಒಮ್ಮೆ ಮೈಮೇಲೆ ಬಿದ್ದರೆ ನಮ್ಮ ಆಟದಲ್ಲಿ ಬಂದೂಕು ಹಾರಿಸುವ ಹಾಗಿಲ್ಲ, ಆ ಲಾಭ ಬೇರೆ. ಎರಡೂ ಕಡೆ ತುಕಡಿ ಅದೇ, ಪಾಯಿಂಟ್ ಅದೇ, ದಾಳ ಅದೇ. ಟೇಬಲ್ ಮೇಲೆ ಗುಡ್ಡ ಇದೆಯೋ ಇಲ್ಲವೋ ನೋಡದೆ ಕುದುರೆ ಕೊಳ್ಳುವುದು, ಬೇಡ ಅನ್ನುವುದು, ಎರಡೂ ವ್ಯರ್ಥ.

ರೀರೋಲ್, ಪ್ಲಸ್ ಒನ್, ಇತ್ಯಾದಿ

"ಒಂದು ಬಿದ್ದರೆ ಮತ್ತೆ ಹಾಕು" ಎಂಬ ನಿಯಮಕ್ಕೆ ಒಂದು ಚೆಂದದ ಗುಟ್ಟಿದೆ. ನಿಮ್ಮ ಹಿಟ್ ಎಷ್ಟೇ ಇರಲಿ, ಲಾಭ ಯಾವಾಗಲೂ ಇದ್ದದ್ದರ ಆರನೇ ಒಂದು ಭಾಗ. 4+ಗೆ 36ರಲ್ಲಿ 18 ಇದ್ದದ್ದು 21 ಆಗುತ್ತದೆ, 3+ಗೆ 24 ಇದ್ದದ್ದು 28. ನಮ್ಮಲ್ಲಿ ನಗಾರಿ ಬಾರಿಸುವವ ಒಬ್ಬ ಇದ್ದಾನೆ, 25 ಪಾಯಿಂಟ್, ಪಕ್ಕದ ತುಕಡಿಗಳಿಗೆ ಈ ರೀರೋಲ್ ಕೊಡುತ್ತಾನೆ. 100 ಪಾಯಿಂಟ್‌ನ ಒಂದೇ ಬಂದೂಕಿನ ತುಕಡಿ ಪಕ್ಕದಲ್ಲಿದ್ದರೆ ಅವನು ಕೊಟ್ಟದ್ದು ಸುಮಾರು 16.7 ಪಾಯಿಂಟ್‌ನಷ್ಟು ಬಲ. ನಷ್ಟ. ಎರಡು ತುಕಡಿ ಅವನ ಆಚೀಚೆ ನಿಂತರೆ 33. ಲಾಭ. ಲಿಸ್ಟ್‌ನಲ್ಲಿ ಒಂದೇ ತುಕಡಿ ಇದ್ದರೆ ನಗಾರಿ ಮನೆಯಲ್ಲೇ ಇರಲಿ.

ತಪ್ಪಿದ್ದೆಲ್ಲ ಮತ್ತೆ ಹಾಕುವ ಅವಕಾಶ ಇದ್ದರೆ ಅದನ್ನು ಕೆಟ್ಟ ಗುರಿಕಾರನಿಗೆ ಕೊಡಿ. 3+ ಇದ್ದವನಿಗೆ ಮೂರನೇ ಒಂದು ಭಾಗ ಹೆಚ್ಚಾದರೆ 5+ ಇದ್ದವನಿಗೆ ಮೂರನೇ ಎರಡು ಭಾಗ ಹೆಚ್ಚುತ್ತದೆ. ಪ್ಲಸ್ ಒನ್ ಕೂಡ ಹಾಗೇ. 6+ನ್ನು 5+ ಮಾಡಿದರೆ ನೇರ ಎರಡು ಪಟ್ಟು, 3+ನ್ನು 2+ ಮಾಡಿದರೆ ಕಾಲು ಭಾಗ ಅಷ್ಟೇ. ಸೇವ್‌ನಲ್ಲಿ ಮಾತ್ರ ಇದು ತಿರುಗಾಮುರುಗ: 6+ ಇದ್ದದ್ದು 5+ ಆದರೆ ಸಾಯುವವರು ಐದರಲ್ಲಿ ಒಬ್ಬ ಕಡಿಮೆ, 3+ ಇದ್ದದ್ದು 2+ ಆದರೆ ಅರ್ಧಕ್ಕರ್ಧ ಕಡಿಮೆ. ರಕ್ಷಣೆ ಗಟ್ಟಿ ಇರುವವನನ್ನು ಇನ್ನೂ ಗಟ್ಟಿ ಮಾಡಿ, ರಕ್ಷಣೆ ತೆಳು ಇದ್ದವನ ಮೇಲೆ ಖರ್ಚು ಬೇಡ.

ವಾರ್‌ಹ್ಯಾಮರ್ ಆಡುವವರಿಗೆ ಎರಡು ಮಾತು. ಅಲ್ಲಿ ವೂಂಡ್ ಸಂಖ್ಯೆ ಬರುವುದು ಹೊಡೆಯುವ ಆಯುಧದ ಬಲವನ್ನೂ ಹೊಡೆಸಿಕೊಳ್ಳುವವನ ಗಟ್ಟಿತನವನ್ನೂ ಹೋಲಿಸಿ: ಬಲ ಇಮ್ಮಡಿ ಅಥವಾ ಹೆಚ್ಚಿದ್ದರೆ 2+, ಹೆಚ್ಚಿದ್ದರೆ 3+, ಸಮ ಇದ್ದರೆ 4+, ಕಡಿಮೆ ಇದ್ದರೆ 5+, ಅರ್ಧ ಅಥವಾ ಇನ್ನೂ ಕಡಿಮೆ ಇದ್ದರೆ 6+. ಇದರಲ್ಲಿ ಮೆಟ್ಟಿಲುಗಳಿವೆ. ಬಲ 4ರ ಆಯುಧಕ್ಕೆ ಗಟ್ಟಿತನ 5 ಆದರೂ, 6 ಆದರೂ, 7 ಆದರೂ ಒಂದೇ 5+. ಎಂಟಕ್ಕೆ ಹೋದಾಗ ಮಾತ್ರ 6+. ಹಾಗಾಗಿ "ಗಟ್ಟಿತನ 7" ಎಂದು ಬೆರಗಾಗುವ ಮೊದಲು ನಿಮ್ಮ ಎದುರಿಗೆ ಬರುವ ಆಯುಧ ಯಾವುದು ನೋಡಿ. ಎರಡನೆಯದು ವ್ಯರ್ಥ ಹೋಗುವ ಡ್ಯಾಮೇಜ್. ಅಲ್ಲಿ ಒಬ್ಬನಿಗೇ ಎರಡು ಮೂರು ಜೀವ ಇರಬಹುದು, ಒಂದು ಏಟು ಎಷ್ಟು ಜೀವ ಕಳೆಯುತ್ತದೆ ಎಂಬುದೇ ಡ್ಯಾಮೇಜ್. ಅಲ್ಲಿ ಸಾಮಾನ್ಯ ಏಟಿನಲ್ಲಿ ಒಬ್ಬನ ಮೇಲೆ ಬಿದ್ದ ಹೆಚ್ಚುವರಿ ಡ್ಯಾಮೇಜ್ ಪಕ್ಕದವನಿಗೆ ಹೋಗುವುದಿಲ್ಲ. ಎರಡು ಜೀವದವನಿಗೆ ಮೂರು ಡ್ಯಾಮೇಜ್ ಹಾಕಿದರೆ ಒಂದು ದಂಡ. ಮೂರು ಜೀವದವನಿಗೆ ಎರಡು ಡ್ಯಾಮೇಜ್‌ನ ಆಯುಧ ತಂದರೆ ಎರಡು ಏಟು ಬೇಕು, ಅಂದರೆ ಅದು ಅಲ್ಲಿ ಒಂದೂವರೆ ಡ್ಯಾಮೇಜ್‌ನ ಆಯುಧ. ಸರಾಸರಿ ಗುಣಿಸುವಾಗ ಕಾಗದದ ಮೇಲಿನ 2 ಅಲ್ಲ, ಈ 1.5 ಹಾಕಿ.

ಪಾಯಿಂಟ್ ಪಟ್ಟಿಯನ್ನು ಕಂಪನಿ ಆಗಾಗ ಬದಲಿಸುತ್ತದೆ, ಹಾಗಾಗಿ ಶೀಟ್‌ನಲ್ಲಿ ಪಾಯಿಂಟ್ ಕಾಲಂ ಬೇರೆ ಇಡಿ. ಒಂದು ಅಂಕಿ ತಿದ್ದಿದರೆ ಉಳಿದದ್ದೆಲ್ಲ ತಾನೇ ಬದಲಾಗಬೇಕು.

ದಾಳ ಸರಿ ಇದೆಯಾ

ಇಷ್ಟೆಲ್ಲ ಲೆಕ್ಕ ನಿಂತಿರುವುದು ದಾಳ ಪ್ರಾಮಾಣಿಕ ಎಂಬ ನಂಬಿಕೆ ಮೇಲೆ. ಖಡೇಬಜಾರಿನಲ್ಲಿ ಸಿಗುವ ಲೂಡೋ ದಾಳಗಳಲ್ಲಿ ಕೆಲವು ಮೂಲೆ ಸವೆದ ಹಾಗೆ ಇರುತ್ತವೆ. ಅನುಮಾನ ಬಂದರೆ 300 ಸಲ ಹಾಕಿ ಗೀಟು ಎಳೆದು ಎಣಿಸಿ. ಒಂದೊಂದು ಮುಖಕ್ಕೆ 50 ಬರಬೇಕು, ಆದರೆ 37ರಿಂದ 63ರ ಒಳಗೆ ಎಲ್ಲಿದ್ದರೂ ಸಾಮಾನ್ಯವೇ, ಅದಕ್ಕೆ ಗಾಬರಿ ಬೇಡ. ಆರು 58 ಸಲ ಬಿತ್ತು ಎಂದು ಗೆಳೆಯನ ದಾಳ ಕಸಿದುಕೊಳ್ಳಬೇಡಿ. 80 ಬಿದ್ದರೆ ಕಸಿದುಕೊಳ್ಳಿ. ನಮ್ಮಲ್ಲಿ ಇಬ್ಬರೂ ಒಂದೇ ಡಬ್ಬಿಯ ದಾಳ ಬಳಸುತ್ತೇವೆ, ಜಗಳವೇ ಇಲ್ಲ.

ಕೊನೆಗೆ ಒಂದು ಲೆಕ್ಕ ನಿಮಗೆ. ಈಟಿ ಹಿಡಿದ ಕಾಲಾಳುಗಳು: 12 ಜನ, 84 ಪಾಯಿಂಟ್, ತಲಾ ಒಂದು ಏಟು, ಹಿಟ್ 4+, ವೂಂಡ್ 5+, ತಮ್ಮ ಸೇವ್ 5+. ಇವರನ್ನು 100 ಪಾಯಿಂಟ್‌ನ ಬಂದೂಕಿನವರ ಜೊತೆ ಹೋಲಿಸಿ. ಬಂದೂಕಿನವರ ಸೇವ್ ಕೂಡ 5+ ಎಂದಿಟ್ಟುಕೊಳ್ಳಿ. ಕೆಳಗೆ ಓದುವ ಮೊದಲು ಒಂದು ಚೀಟಿ ಮೇಲೆ ನೀವೇ ಹಾಕಿ ನೋಡಿ.

ಹೊಡೆಯುವ ಕಡೆ: 3×2×4 = 24, ಅಂದರೆ ಒಂಬತ್ತರಲ್ಲಿ ಒಂದು. ಹನ್ನೆರಡು ಏಟಿಗೆ 1.33 ಜನ, 13.3 ಪಾಯಿಂಟ್, ನೂರಕ್ಕೆ 15.9. ಬಂದೂಕಿನ 16.7ಕ್ಕಿಂತ ಸ್ವಲ್ಪ ಕಡಿಮೆ, ಅದೂ ಎದುರಾಳಿಯ ಮೈಗೆ ತಾಗಿ ನಿಂತರೆ ಮಾತ್ರ. ತಡೆಯುವ ಕಡೆ: ಒಬ್ಬನನ್ನು ಕೆಡವಲು ಇಬ್ಬರಿಗೂ ಆರಾರು ಗುಂಡು ಬೇಕು, ಆದರೆ ಈಟಿಯವನ ಬೆಲೆ ಏಳು, ಬಂದೂಕಿನವನದು ಹತ್ತು. ನೂರು ಪಾಯಿಂಟ್‌ನ ಈಟಿಯವರನ್ನು ಮುಗಿಸಲು ಸುಮಾರು 86 ಗುಂಡು, ಬಂದೂಕಿನವರನ್ನು ಮುಗಿಸಲು 60. ಬಾವುಟದ ಹತ್ತಿರ ಈಟಿಯವರನ್ನು ನಿಲ್ಲಿಸಿ, ಸಾಧ್ಯವಾದರೆ ಗೋಡೆ ಹಿಂದೆ. ಬಂದೂಕಿನವರು ಅವರ ಹಿಂದಿನ ದಿಬ್ಬದ ಮೇಲೆ ಇರಲಿ.